ಹಳೆಯ ಕೆರೆ, ಅದರ ದಡದ ಉದ್ಯಾನ: ಸುಧಾರಣೆಗೆ ಯೋಜನೆ ಹಾಕುವುದು ಹೇಗೆ?

ಬೆಂಗಳೂರಿನ ಸ್ಯಾಂಕಿ ಕೆರೆಯ ದಡದಲ್ಲಿ ಬೆಳಗಿನ ವಾಕಿಂಗ್‌ಗೆ ಬಂದವರನ್ನು ‘ಇಲ್ಲಿ ಏನೇನು ಆಗಬೇಕು?’ ಎಂದು ಕೇಳಿ ನೋಡಿ. ಒಬ್ಬರು ಬೆಂಚು ಸಾಲದು ಅನ್ನುತ್ತಾರೆ. ಇನ್ನೊಬ್ಬರಿಗೆ ಶೌಚಾಲಯ ಬೇಕು, ಮತ್ತೊಬ್ಬರಿಗೆ ದೀಪ, ಓಪನ್ ಜಿಮ್, ಮಕ್ಕಳ ಜಾರುಬಂಡಿ. ಎದುರಿಗೇ ಇರುವ ನೀರಿನ ಮಾತು ಎತ್ತುವವರು ಅಪರೂಪ. ಅವರದೇನೂ ತಪ್ಪಿಲ್ಲ. ನಮ್ಮ ಊರುಗಳಲ್ಲಿ ಕೆರೆ ಅಭಿವೃದ್ಧಿ ಅಂದರೆ ಸುತ್ತ ಟೈಲ್ಸ್, ಗ್ರಿಲ್, ಬಣ್ಣದ ದೀಪ, ನಡುವೆ ಒಂದು ಕಾರಂಜಿ ಎಂದು ಇಷ್ಟು ವರ್ಷ ನೋಡಿ ನೋಡಿ ಕಣ್ಣಿಗೆ ರೂಢಿಯಾಗಿದೆ.

ವಾರ್ಡ್ ಸಮಿತಿಯಲ್ಲಿರುವವರು, ಬಡಾವಣೆ ಸಂಘದವರು, ಪಾಲಿಕೆಗೆ ಡಿಪಿಆರ್ (ವಿವರವಾದ ಯೋಜನಾ ವರದಿ) ಬರೆದುಕೊಡುವ ಯುವ ಎಂಜಿನಿಯರುಗಳು, ಆರ್ಕಿಟೆಕ್ಟರು ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಸ್ಯಾಂಕಿ ಕೆರೆಯನ್ನೇ ಇಟ್ಟುಕೊಂಡಿದ್ದೇನೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯಾಗಲಿ, ನಿಮ್ಮ ತಾಲ್ಲೂಕು ಕೇಂದ್ರದ ದೊಡ್ಡಕೆರೆಯಾಗಲಿ, ಕೆಲಸದ ಸರದಿ ಇದೇ. ಮೊದಲು ನೀರು, ಆಮೇಲೆ ಏರಿ, ಕಲ್ಲು, ಮರ. ಅದಾದ ಮೇಲೆ ಜನ. ಹೊಸದಾಗಿ ಏನು ಕಟ್ಟಬೇಕು ಅನ್ನುವುದು ಕಟ್ಟಕಡೆಗೆ. ಈ ಸರದಿ ತಲೆಕೆಳಗಾದ ಕಡೆಯಲ್ಲೆಲ್ಲ ಉದ್ಘಾಟನೆಯ ಕಲ್ಲಿನ ಅಕ್ಷರ ಮಾಸುವ ಮೊದಲೇ ಕೆರೆ ನಾರತೊಡಗುತ್ತದೆ.

ಮೊದಲಿಗೆ, ಈ ಕೆರೆ ಯಾಕೆ ಹುಟ್ಟಿತು?

ಇದನ್ನು ಒಂದು ಪುಟದಲ್ಲಿ ಬರೆಯಲು ಬರದಿದ್ದರೆ ಮುಂದಿನ ಕೆಲಸಕ್ಕೆ ಹೋಗಬೇಡಿ.

1876ರಿಂದ 78ರವರೆಗಿನ ಧಾತು ವರ್ಷದ ಭೀಕರ ಕ್ಷಾಮ ಮೈಸೂರು ಸೀಮೆಯನ್ನು ಹಿಂಡಿಹಾಕಿತು. ಬೆಂಗಳೂರಿಗೆ ಹೇಳಿಕೊಳ್ಳುವಂಥ ಹೊಳೆ ಇಲ್ಲ. ಹೆಸರಘಟ್ಟದ ನೀರು ಊರಿಗೆ ಬಂದದ್ದು 1890ರ ದಶಕದಲ್ಲಿ. ಅದಕ್ಕೂ ಮುಂಚೆ, 1882ರಲ್ಲಿ, ನೀರಿನ ಬವಣೆ ನೀಗಲೆಂದು ಕಟ್ಟಿದ್ದು ಈ ಕೆರೆ. ಕರ್ನಲ್ ರಿಚರ್ಡ್ ಸ್ಯಾಂಕಿ ಮೈಸೂರು ಸಂಸ್ಥಾನದಲ್ಲಿ ಬಹುಕಾಲ ಮುಖ್ಯ ಎಂಜಿನಿಯರಾಗಿದ್ದವರು. ಅಠಾರ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ), ಕಬ್ಬನ್ ಪಾರ್ಕು ಎರಡರ ಜೊತೆಗೂ ಅವರ ಹೆಸರಿದೆ. ಇಡೀ ಸೀಮೆಯ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಎಂಬಂತೆ ಸರಪಳಿಯಾಗಿ ಹೆಣೆದುಕೊಂಡಿರುವುದನ್ನು ಕಂಡು, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನವೇ ಬೇಕು ಎಂಬರ್ಥದ ಮಾತು ಬರೆದಿಟ್ಟವರೂ ಅವರೇ. ಸ್ಯಾಂಕಿ ಕೆರೆಯನ್ನು ಮಿಲ್ಲರ್ಸ್ ಕೆರೆಗೂ ಧರ್ಮಾಂಬುಧಿ ಕೆರೆಗೂ ಜೋಡಿಸಿದ್ದರು. ಮಿಲ್ಲರ್ಸ್ ಕೆರೆ ಈಗ ರಸ್ತೆಯ ಹೆಸರಲ್ಲಿ ಉಳಿದಿದೆ. ಧರ್ಮಾಂಬುಧಿಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಮೂರರಲ್ಲಿ ನೀರಿರುವುದು ಇದೊಂದರಲ್ಲೇ, ಸುಮಾರು 37 ಎಕರೆ, ಅಂದರೆ 15 ಹೆಕ್ಟೇರು. ಪಕ್ಕದಲ್ಲಿ ಸರ್ಕಾರದ ಗಂಧದ ಕೋಠಿ, ಅಂದರೆ ಶ್ರೀಗಂಧದ ದಾಸ್ತಾನು ಮಳಿಗೆ, ಇದ್ದುದರಿಂದ ಹಳಬರು ಇದನ್ನು ಗಂಧದ ಕೋಠಿ ಕೆರೆ ಅಂತಲೂ ಕರೆಯುತ್ತಿದ್ದರು.

ಇಷ್ಟು ಗೊತ್ತಾದರೆ ಯೋಜನೆಯ ಅರ್ಧ ದಾರಿ ತೆರೆದಂತೆ. ನೀರು ಹಿಡಿದಿಡಲೆಂದು ಕಟ್ಟಿದ್ದರ ದಡದಲ್ಲಿ ಆಮೇಲೆ ಬಂದದ್ದು ಉದ್ಯಾನ. ಹಾಗಾಗಿ ನೀರು ಹಿಡಿಯುವ ಕೆಲಸಕ್ಕೆ ಅಡ್ಡ ಬರುವ ಯಾವ ಅಲಂಕಾರವೂ ಇಲ್ಲಿ ಸಲ್ಲದು. ಕುಕ್ಕರಹಳ್ಳಿಯ ಕಥೆ ಬೇರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅದನ್ನು ಕಟ್ಟಿಸಿದ್ದು ಊರಾಚೆಯ ಗದ್ದೆಗಳಿಗೆ ನೀರುಣಿಸಲು. ಈಗ ಅದು ಹೆಜ್ಜಾರ್ಲೆಗಳ ತಾಣ, ನೋಡಿಕೊಳ್ಳುವುದು ಮೈಸೂರು ವಿಶ್ವವಿದ್ಯಾಲಯ. ಹುಟ್ಟಿನ ಕಾರಣ, ಇವತ್ತಿನ ಉಪಯೋಗ, ಮಾಲೀಕರು ಬೇರೆಯಾದಂತೆ ಯೋಜನೆಯೂ ಬೇರೆಯಾಗಬೇಕು. ಒಂದು ಕೆರೆಯ ಡಿಪಿಆರ್‌ನಲ್ಲಿ ಹೆಸರು ಬದಲಿಸಿ ಇನ್ನೊಂದಕ್ಕೆ ಸಲ್ಲಿಸುವ ಚಾಳಿ ಬಿಡಬೇಕು.

ಕೈಯಲ್ಲಿ ನಕ್ಷೆ ಇಲ್ಲದೆ ನಡೆಯಿರಿ

ಎರಡು ಋತುಗಳಲ್ಲಾದರೂ ನೋಡಿ. ಒಂದು ಏಪ್ರಿಲ್, ನೀರು ಇಳಿದು ಕೆರೆಯಂಗಳದ ಅಂಚು ಕಾಣುವಾಗ. ಇನ್ನೊಂದು ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್, ಬೆಂಗಳೂರಿನಲ್ಲಿ ಮಳೆ ಹೆಚ್ಚು ಬೀಳುವ ಕಾಲ. ದಿನದಲ್ಲಿ ಮೂರು ಸಲ ಹೋಗಿ: ಬೆಳಗಿನ ಜಾವ, ಮಟಮಟ ಮಧ್ಯಾಹ್ನ, ದೀಪ ಹತ್ತುವ ಹೊತ್ತು. ಜೊತೆಗೊಂದು ನೋಟ್‌ಬುಕ್ಕು, ಅಳತೆ ಟೇಪು ಸಾಕು.

ಜಡಿಮಳೆ ಬಿದ್ದ ದಿನ ಮಾತ್ರ ತಪ್ಪಿಸಲೇಬೇಡಿ. ಮಳೆ ಶುರುವಾದ ಮೊದಲ ಇಪ್ಪತ್ತು ನಿಮಿಷದಲ್ಲಿ ಯಾವ ಮೋರಿಯಿಂದ ಯಾವ ಬಣ್ಣದ ನೀರು ಬಂತು, ನಡೆದಾರಿಯ ಮೇಲೆ ಎಲ್ಲಿ ನಿಂತಿತು, ಎಲ್ಲಿ ಮಣ್ಣು ಕೊಚ್ಚಿಹೋಯಿತು, ಕೋಡಿ ಬಿದ್ದರೆ ನೀರು ಯಾರ ಮನೆ ಮುಂದೆ ಹರಿಯಿತು ಎಂದು ಕೊಡೆ ಹಿಡಿದು ಬರೆದುಕೊಳ್ಳಿ. ಕಚೇರಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಆರು ತಿಂಗಳು ಮಾಡಿದ ಲೆಕ್ಕಕ್ಕಿಂತ ಆ ಇಪ್ಪತ್ತು ನಿಮಿಷ ಹೆಚ್ಚು ಕಲಿಸುತ್ತದೆ.

ಹಳಬರನ್ನು ಹುಡುಕಿ ಮಾತಾಡಿಸಿ. ಊರಂಚಿನ ಒಂದು ಕೆರೆಯ ಕೆಲಸದಲ್ಲಿ ನಾನೂ ಸೇರಿಕೊಂಡಿದ್ದೆ. ತೂಬು, ಅಂದರೆ ಕೆರೆಯ ನೀರನ್ನು ಬೇಕಾದಾಗ ಹೊರಬಿಡುವ ಬಾಗಿಲು, ಎಲ್ಲಿದೆ ಎಂದು ಯಾವ ಕಡತದಲ್ಲೂ ಇರಲಿಲ್ಲ. ಹಿಂದೆ ಕೆರೆಯ ನೀರು ಬಿಡುವ ನೀರುಗಂಟಿಯಾಗಿದ್ದವರ ಮನೆತನದ ಅಜ್ಜ ಒಬ್ಬರು ಏರಿ ಮೇಲೆ ನಿಧಾನಕ್ಕೆ ನಡೆದು ಬಂದು, ಲಂಟಾನ ಪೊದೆಯೊಂದಕ್ಕೆ ಕೋಲು ತೋರಿಸಿ ‘ಇಲ್ಲೇ ಕಣಪ್ಪ, ಕೆಳಗೆ ಎರಡು ಕಲ್ಲುಕಂಬ ಇರ್ಬೇಕು ನೋಡು’ ಅಂದರು. ಪೊದೆ ಸವರಿದರೆ ಎರಡು ಕಂಬ, ನಡುವೆ ಅಡ್ಡಪಟ್ಟಿ, ಅದರಲ್ಲಿ ತೂಬಿನ ಕೋಲು ಇಳಿಸುವ ಗುಂಡನೆಯ ತೂತು. ಅದರಂಚು ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಅದಕ್ಕೂ ಎರಡು ವರ್ಷ ಮೊದಲು ಯಾರೋ ಗುತ್ತಿಗೆದಾರರು ಅದನ್ನು ಹಾಳುಬಿದ್ದ ಗುಂಡಿ ಎಂದು ತಿಳಿದು ಒಳಗಿನ ಕಾಲುವೆಗೆ ಕಾಂಕ್ರೀಟು ಸುರಿದಿದ್ದರು. ಆ ಅಜ್ಜನನ್ನು ಯಾರಾದರೂ ಮೊದಲೇ ಕೇಳಿದ್ದರೆ ಅದು ಉಳಿಯುತ್ತಿತ್ತು. ಆ ಕೊರಗು ನನಗೆ ಇವತ್ತಿಗೂ ಇದೆ.

ಗಡಿ ಮತ್ತು ಕಾಗದ

ಈ ಭಾಗ ಬೇಸರದ್ದು, ಬೇಗ ಮುಗಿಸೋಣ. ಗ್ರಾಮ ನಕ್ಷೆ, ಸರ್ವೇ ನಂಬರು, ಆಕಾರ್ ಬಂದ್ (ಜಮೀನಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ) ಇವಿಷ್ಟನ್ನು ಭೂದಾಖಲೆಗಳ ಇಲಾಖೆಯಿಂದ ಪಡೆಯಿರಿ. ಸರ್ವೇ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಒಂದು ಅಂದಾಜು ಸಿಗುತ್ತದೆ, ಆದರೆ ಗಡಿ ತೀರ್ಮಾನಕ್ಕೆ ಅದನ್ನೇ ನಂಬಬೇಡಿ. ಸರ್ಕಾರಿ ಸರ್ವೇಯರ್ ಬಂದು ಜಂಟಿ ಸರ್ವೇ ಮಾಡಿ, ಗಡಿಕಲ್ಲು ನೆಟ್ಟು, ಮಹಜರು ಬರೆಯಬೇಕು. ಕೆರೆಗೆ ಬರುವ, ಕೆರೆಯಿಂದ ಹೊರಡುವ ರಾಜಕಾಲುವೆಗಳ ಗಡಿಯನ್ನೂ ಅದೇ ಸರ್ವೇಯಲ್ಲಿ ಸೇರಿಸಿ. ಅಂಗಳ ಉಳಿಸಿಕೊಂಡು ಕಾಲುವೆ ಕಳೆದುಕೊಂಡರೆ ಮಿಕ್ಕುವುದು ಒಣ ಬಟ್ಟಲು.

ಬಫರ್ ವಲಯದ, ಅಂದರೆ ಕೆರೆಯಂಚಿನಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗದ, ನಿಯಮ ಆಗಾಗ ಬದಲಾಗಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಆದೇಶ ಯಾವುದೋ ಅದರ ಪ್ರತಿ ಕಡತದಲ್ಲಿರಲಿ. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ, ಮರಗಳಿಗೆ ಸಂಬಂಧಿಸಿದ 1976ರ ಕಾಯ್ದೆ, ಟೆಂಡರಿಗೆ 1999ರ ಪಾರದರ್ಶಕತೆ ಕಾಯ್ದೆ, ಇವು ಮೂರನ್ನೂ ಓದಿಕೊಳ್ಳಿ. ಬೆಂಗಳೂರಿನವರಿಗೆ ಇನ್ನೊಂದು ಮಾತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ಪಾಲಿಕೆಗಳೂ ಬಂದಿವೆ. ಹಳೆಯ ಪತ್ರವ್ಯವಹಾರ ಯಾವ ಮೇಜಿಗೆ ಹೋಯಿತು ಎಂದು ಮೊದಲೇ ವಿಚಾರಿಸಿಕೊಳ್ಳಿ.

ನೀರಿನ ಲೆಕ್ಕ

ಹೆಚ್ಚು ಸಮಯವನ್ನೂ ಮೊದಲ ದುಡ್ಡನ್ನೂ ಇಲ್ಲೇ ಹಾಕಿ.

ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಇದೊಂದು ನೆನಪಿದ್ದರೆ ಸಾಕು, ಲೆಕ್ಕ ಯಾರು ಬೇಕಾದರೂ ಹಾಕಬಹುದು. ಸ್ಯಾಂಕಿಯಲ್ಲಿ 15 ಹೆಕ್ಟೇರು ನೀರು ಎಂದು ಹಿಡಿಯೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅಂದರೆ ನೇರವಾಗಿ ಕೆರೆಯ ಮೇಲೆಯೇ ಬೀಳುವುದು ಹದಿನಾಲ್ಕೂವರೆ ಕೋಟಿ ಲೀಟರ್. ಬಿಸಿಲಿಗೆ ಆವಿಯಾಗುವುದು ವರ್ಷಕ್ಕೆ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ ಇಪ್ಪತ್ತೆರಡೂವರೆ ಕೋಟಿ ಲೀಟರ್. ಎಂಟು ಕೋಟಿ ಲೀಟರ್ ಖೋತಾ. ಇದು ಸುತ್ತಲಿನ ಬೀದಿ, ಚಾವಣಿ, ತೋಟಗಳಿಂದ ಹರಿದು ಬರಬೇಕು. ಬಿದ್ದ ಮಳೆಯಲ್ಲಿ ಅರ್ಧ ಹರಿದು ಬಂತು ಅಂದುಕೊಂಡರೂ ಆವಿಯ ನಷ್ಟ ತುಂಬುವುದಕ್ಕೇ 16 ಹೆಕ್ಟೇರು, ಅಂದರೆ 40 ಎಕರೆ ಜಲಾನಯನ ಬೇಕು. ಇಂಗುವುದನ್ನು ನಾನು ಸೇರಿಸಿಲ್ಲ. ಹೀಗಿರುವಾಗ ಯಾರಾದರೂ ‘ಕೊಳಕು ಬರುತ್ತೆ, ಎಲ್ಲ ಮೋರಿಗಳನ್ನೂ ಕೆರೆಯಿಂದಾಚೆ ತಿರುಗಿಸಿಬಿಡಿ’ ಅಂದರೆ ಒಪ್ಪಬೇಡಿ. ಕೊಳಚೆಯ ಜೊತೆ ಮಳೆನೀರೂ ಹೊರಟುಹೋಗುತ್ತದೆ, ಕೆರೆ ಬಾಯಾರಿ ಸಾಯುತ್ತದೆ.

ಹಾಗಾದರೆ ಮಾಡುವುದೇನು? ಮಳೆಯಿಲ್ಲದ ದಿನ, ಬೆಳಗ್ಗೆ ಏಳರಿಂದ ಒಂಬತ್ತರೊಳಗೆ, ಮನೆಗಳಲ್ಲಿ ಸ್ನಾನ, ಪಾತ್ರೆ, ಬಟ್ಟೆಯ ಹೊತ್ತಿನಲ್ಲಿ, ಕೆರೆಗೆ ಬರುವ ಪ್ರತಿಯೊಂದು ಮೋರಿಯನ್ನೂ ಹಿಡಿದು ಮೇಲಕ್ಕೆ ನಡೆಯಿರಿ. ಆಗ ಹರಿಯುತ್ತಿರುವುದೆಲ್ಲ ಕೊಳಚೆಯೇ. ಯಾವ ತಿರುವಿನಲ್ಲಿ ನೊರೆ ಶುರುವಾಯಿತು, ಯಾವ ಮ್ಯಾನ್‌ಹೋಲ್ ಉಕ್ಕುತ್ತಿದೆ, ಯಾವ ಕಟ್ಟಡದ ಪೈಪು ಮಳೆನೀರು ಚರಂಡಿಗೆ ಇಳಿದಿದೆ ಎಂದು ಫೋಟೊ ಸಮೇತ ನಕ್ಷೆಯಲ್ಲಿ ಗುರುತು ಹಾಕಿ. ಒಳಚರಂಡಿ ಜಲಮಂಡಳಿಯದು, ಮಳೆನೀರು ಚರಂಡಿ ಪಾಲಿಕೆಯದು. ಆದ್ದರಿಂದ ಎರಡೂ ಕಡೆಯ ಎಂಜಿನಿಯರುಗಳನ್ನು ಒಂದೇ ದಿನ, ಒಂದೇ ಮೋರಿಯ ಬಾಯಲ್ಲಿ ಕರೆದು ನಿಲ್ಲಿಸಿ. ಅನುಮಾನದ ಪೈಪು ಯಾವ ಮನೆಯದು ಎಂದು ಬಣ್ಣ ಬಿಟ್ಟು ನೋಡುವ ಪರೀಕ್ಷೆ ಅಲ್ಲೇ ಆಗಲಿ.

ಆಮೇಲೆ ಒಳಹರಿವಿನ ಬಾಯಲ್ಲಿ ಮೂರು ವ್ಯವಸ್ಥೆ ಬೇಕು. ಬೇಸಿಗೆಯ ಸಣ್ಣ ಹರಿವನ್ನೂ ಮೊದಲ ಮಳೆಯ ಕೊಳೆಯನ್ನೂ ಒಳಚರಂಡಿಗೆ ತಿರುಗಿಸುವ ಕಿರುಗಟ್ಟೆ, ಅದನ್ನು ಮೀರಿ ಬರುವ ನೆರೆನೀರು ಕೆರೆಗೇ ಬೀಳುವಂತೆ. ಅದರ ಮುಂದೆ ಹೂಳುಗುಂಡಿ, ಜೆಸಿಬಿ ಹತ್ತಿರ ಬರಲು ದಾರಿ ಸಮೇತ. ದಾರಿ ಇಲ್ಲದ ಹೂಳುಗುಂಡಿ ಒಂದೇ ಮಳೆಗಾಲಕ್ಕೆ ತುಂಬಿ ಹೋಗುತ್ತದೆ, ಆಮೇಲೆ ಅದನ್ನು ತೋಡಿಸುವುದು ಯಾರಿಂದಲೂ ಆಗುವುದಿಲ್ಲ. ಮೂರನೆಯದು ಜೊಂಡು, ಆಪು ಬೆಳೆದ ತೆಳುನೀರಿನ ಪಟ್ಟಿ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಇಂಥ ಜೌಗಿನ ಮೂಲಕ ಹಾದು ಕೆರೆ ಸೇರುವುದನ್ನು ಹೋಗಿ ನೋಡಿ ಬನ್ನಿ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕಬೇಕು. ಅಲ್ಲೇ ಕೊಳೆತರೆ ಹೀರಿದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ.

ನೀರಿನ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ಮಧ್ಯಾಹ್ನ ಮೂರಕ್ಕೆ ಮಾದರಿ ತೆಗೆದರೆ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತಿರುತ್ತದೆ, ವರದಿ ಚೆನ್ನಾಗಿ ಬರುತ್ತದೆ. ರಾತ್ರಿಯೆಲ್ಲ ಅದೇ ಪಾಚಿ ಉಸಿರಾಡಿ ಆಮ್ಲಜನಕ ತಿಂದಿರುತ್ತದೆ. ಮೀನು ಸಾಯುವುದು ಬೆಳಗಿನ ಜಾವಕ್ಕೆ. ಆದ್ದರಿಂದ ಸೂರ್ಯ ಹುಟ್ಟುವ ಮುಂಚಿನ ಮಾದರಿಯನ್ನೂ ತೆಗೆಯಿರಿ. ಮೀನು, ಹಕ್ಕಿ ಬದುಕುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಡಿ’ ದರ್ಜೆಯ ಅಳತೆ ಹೀಗಿದೆ: ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು, ಪಿಎಚ್ 6.5ರಿಂದ 8.5, ಸ್ವತಂತ್ರ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದ್ದನ್ನು ಕಂಡವರಿಗೆ ಈ ಅಂಕಿಗಳ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಕಾರಂಜಿ ನೀರಿಗೆ ಸ್ವಲ್ಪ ಗಾಳಿ ಸೇರಿಸುತ್ತದೆ ನಿಜ. ಕೊಳಚೆ ನಿಲ್ಲಿಸದೆ ಕಾರಂಜಿ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಗಣೇಶ ಹಬ್ಬವನ್ನೂ ಲೆಕ್ಕಕ್ಕೆ ಸೇರಿಸಿ. ಸ್ಯಾಂಕಿಯಲ್ಲಿ ವಿಸರ್ಜನೆಗೆಂದೇ ಬೇರೆ ಕಲ್ಯಾಣಿ ಇದೆ. ನಿಮ್ಮ ಕೆರೆಯಲ್ಲಿ ಇಲ್ಲದಿದ್ದರೆ ಯೋಜನೆಯಲ್ಲಿ ಮೊದಲೇ ಜಾಗ ಬಿಡಿ. ಜನರ ಭಕ್ತಿಗೆ ಜಾಗ ಕೊಟ್ಟು ಕೆರೆಯನ್ನು ಉಳಿಸಿಕೊಳ್ಳುವ ದಾರಿ ಅದು. ಕಲ್ಯಾಣಿಯ ನೀರು ಹಬ್ಬದ ಮೇಲೆ ಎಲ್ಲಿಗೆ ಹೋಗಬೇಕು, ಮಣ್ಣು ಎಲ್ಲಿಗೆ ಹೋಗಬೇಕು ಅನ್ನುವುದೂ ನಕ್ಷೆಯಲ್ಲಿರಲಿ.

ಏರಿ, ಕಲ್ಲು, ಗಾರೆ

ಹಳೆಯ ಕೆರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾರಂಪರಿಕ ಕಟ್ಟಡ ಯಾವುದು ಅಂದರೆ ಏರಿ. ಅದು ಮಣ್ಣಿನ ದಿಬ್ಬದಂತೆ ಕಾಣುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಸ್ಯಾಂಕಿಯಲ್ಲಂತೂ ಏರಿಯ ಗುಂಟ ರಸ್ತೆ ಓಡುತ್ತದೆ, ದಿನವಿಡೀ ವಾಹನ. ತಾವು ದಾಟುತ್ತಿರುವುದು ಏರಿಯನ್ನು ಎಂದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಏರಿಯ ಒಳಮೈಗೆ ಹಾಸಿದ ಕಲ್ಲುಗಳನ್ನು ಹತ್ತಿರ ಕೂತು ನೋಡಿ. ಅನೇಕ ಹಳೆಯ ಕೆರೆಗಳಲ್ಲಿ ಅವನ್ನು ಗಾರೆಯಿಲ್ಲದೆ, ಒಂದಕ್ಕೊಂದು ಕಚ್ಚುವಂತೆ ಜೋಡಿಸಿರುತ್ತಾರೆ. ಸಂದುಗಳಲ್ಲಿ ಚಿಕ್ಕ ಚಕ್ಕೆ ಕಲ್ಲು ಬಡಿದು ಬಿಗಿ ಮಾಡಿರುತ್ತಾರೆ. ಆ ಸಂದು ಬೇಕೆಂದೇ ಬಿಟ್ಟದ್ದು. ಕೆರೆಯ ನೀರು ಬೇಗ ಇಳಿದಾಗ ಏರಿಯ ಮಣ್ಣಿನೊಳಗೆ ಕುಳಿತ ನೀರು ಅದೇ ದಾರಿಯಲ್ಲಿ ಹೊರಬರಬೇಕು. ‘ಗಟ್ಟಿ ಮಾಡುತ್ತೇವೆ’ ಎಂದು ಸಂದಿಗೆಲ್ಲ ಸಿಮೆಂಟು ಮೆತ್ತಿದರೆ ಆ ನೀರಿಗೆ ದಾರಿಯಿಲ್ಲ. ಒತ್ತಡ ಹೆಚ್ಚಿ ಕಲ್ಲು ಹೊಟ್ಟೆ ಉಬ್ಬಿದಂತೆ ಮುಂದಕ್ಕೆ ಬರುತ್ತದೆ, ಒಂದು ದಿನ ಪಟ್ಟಿಯಾಗಿ ಜಾರುತ್ತದೆ. ಹೀಗಾಗಿ ದುರಸ್ತಿ ಅಂದರೆ ಬಿದ್ದ ಕಲ್ಲನ್ನು ಎತ್ತಿ, ಹಿಂದಿನ ಜಲ್ಲಿ ಸರಿಮಾಡಿ, ಅದೇ ಕಲ್ಲನ್ನು ಅದೇ ರೀತಿ ಕೂರಿಸುವುದು. ಈ ಕೆಲಸ ಬಲ್ಲ ಕಲ್ಲುಕುಟಿಗರು ಇನ್ನೂ ಇದ್ದಾರೆ. ಟೆಂಡರಿನಲ್ಲಿ ಕೆಲಸದ ವಿಧಾನವನ್ನು ಹೆಸರಿಸಿ ಬರೆದರೆ ಮಾತ್ರ ಅವರಿಗೆ ಕೆಲಸ ಸಿಗುತ್ತದೆ.

ತೂಬಿನ ಮಂಟಪ, ಮೆಟ್ಟಿಲು, ಕೋಡಿಯ ಕಟ್ಟೆಗಳಲ್ಲಿ ಸುಣ್ಣದ ಗಾರೆ ಇದ್ದರೆ ಅದಕ್ಕೆ ಸುಣ್ಣದ ಗಾರೆಯೇ ಸರಿ. ಸುಣ್ಣ, ಮರಳು, ಇಟ್ಟಿಗೆಪುಡಿ ಎಷ್ಟೆಷ್ಟು ಇದೆ ಎಂದು ಹಳೆಯ ಗಾರೆಯ ತುಣುಕನ್ನು ಪ್ರಯೋಗಾಲಯದಲ್ಲಿ ನೋಡಿಸಬಹುದು. ಸಿಮೆಂಟು ಹಳೆಯ ಗಾರೆಗಿಂತ ಬಿರುಸು. ಅದು ತೇವ ಆಚೆ ಬಿಡದೆ, ಅಲುಗಾಟಕ್ಕೂ ಬಾಗದೆ, ತನ್ನ ಪಕ್ಕದ ಹಳೆಯ ಭಾಗವನ್ನೇ ಸೀಳುತ್ತದೆ. ಕಲ್ಲಿಗೆ ಮಾತ್ರ ಯಾವ ಕಾರಣಕ್ಕೂ ಬಣ್ಣ ಹೊಡೆಸಬೇಡಿ.

ಏರಿಯ ಮೇಲಿನ ದೊಡ್ಡ ಮರಗಳು ಬಿಡಿಸಲಾಗದ ಗಂಟು. ಮಣ್ಣಿನ ಕಟ್ಟೆಯ ಮೇಲೆ ದೊಡ್ಡ ಮರ ಇರಬಾರದು ಎಂಬುದು ಎಂಜಿನಿಯರರ ಪಾಠ, ಅದಕ್ಕೆ ಕಾರಣವೂ ಇದೆ. ಬೇರು ಕೊಳೆತರೆ ಆ ಜಾಗ ಕೊಳವೆಯಾಗಿ ನೀರು ಜಿನುಗುತ್ತದೆ. ಆದರೆ ನೂರು ವರ್ಷದ ಮರವನ್ನು ಕಡಿದರೆ ಬೇರು ಕೊಳೆಯುವುದೂ ಅವತ್ತಿನಿಂದಲೇ ಶುರು! ನನ್ನ ತೀರ್ಮಾನ ಇಷ್ಟು: ಬದುಕಿರುವ ಹಳೆಯ ಮರವನ್ನು ಬಿಡಿ, ಹೊರಮೈಯಲ್ಲಿ ಜಿನುಗು ಕಾಣುತ್ತದೆಯೇ ಎಂದು ಪ್ರತಿ ಮಳೆಗಾಲ ನೋಡಿ, ಏರಿಯ ಮೇಲೆ ಹೊಸ ಮರ ನೆಡಬೇಡಿ, ಹುಲ್ಲು ಬೆಳೆಸಿ. ಯಾವ ಮರಕ್ಕಾದರೂ ಕೊಡಲಿ ಬೀಳುವುದಿದ್ದರೆ ಮರ ಅಧಿಕಾರಿಯ ಲಿಖಿತ ಅನುಮತಿ ಬೇಕು. 2023ರಲ್ಲಿ ಸ್ಯಾಂಕಿ ರಸ್ತೆಯ ಮೇಲ್ಸೇತುವೆ, ಅಗಲೀಕರಣದ ಪ್ರಸ್ತಾಪ ಬಂದಾಗ ಮಲ್ಲೇಶ್ವರ, ವೈಯಾಲಿಕಾವಲ್, ಸದಾಶಿವನಗರದ ಜನ ಮರಗಳ ಪರವಾಗಿ ಬೀದಿಗಿಳಿದರು. ಮರದ ಮಾತನ್ನು ಯೋಜನೆಯ ಕೊನೆಯ ಪುಟದಲ್ಲಿ ಬಚ್ಚಿಡಲಾಗದು.

ಯಾರು ಬರುತ್ತಾರೆ, ಯಾರು ಬರುವುದಿಲ್ಲ

ವಾರದ ಎರಡು ದಿನ ಮತ್ತು ಒಂದು ಭಾನುವಾರ, ಪ್ರತಿ ಗೇಟಿನಲ್ಲೂ ಗಂಟೆಗೊಮ್ಮೆ ಎಣಿಸಿ: ಹೆಂಗಸರು, ಗಂಡಸರು, ಮಕ್ಕಳು, ಕೋಲು ಹಿಡಿದವರು, ಗಾಲಿಕುರ್ಚಿಯವರು. ಬಂದವರನ್ನು ಎಣಿಸುವುದು ಸುಲಭ. ಬಾರದವರನ್ನು ಹುಡುಕಿಕೊಂಡು ಹೋಗಬೇಕು. ಹತ್ತಿರದ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರಿಗೆ ಬಿಡುವು ಸಿಗುವುದು ಮಧ್ಯಾಹ್ನ ಎರಡರಿಂದ ನಾಲ್ಕು. ಆ ಹೊತ್ತಿಗೆ ಗೇಟಿಗೆ ಬೀಗ ಇದ್ದರೆ ಅವರ ಪಾಲಿಗೆ ಉದ್ಯಾನವೇ ಇಲ್ಲ. ಗಾಡಿಯಲ್ಲಿ ಎಳನೀರು, ಕಡ್ಲೆಕಾಯಿ ಮಾರುವವರು ಗೇಟಿನ ಹೊರಗೆ ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ, ಅವರಿಗೂ ನಕ್ಷೆಯಲ್ಲಿ ಜಾಗ ಬರೆಯಿರಿ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಊರವರೂ ಪಾಲಿಕೆಯೂ ಸೇರಿ ಜೀರ್ಣೋದ್ಧಾರ ಮಾಡಿದಾಗ ದನಕ್ಕೆ ಹುಲ್ಲು ಕೊಯ್ಯುವವರನ್ನು ಹೊರಗಟ್ಟಲಿಲ್ಲ. ಅದು ಅನುಸರಿಸಬೇಕಾದ ದಾರಿ.

ಸಭೆಯನ್ನು ಕೆರೆಯ ದಡದಲ್ಲೇ ಕರೆಯಿರಿ, ಕನ್ನಡದಲ್ಲಿ ನಡೆಸಿ. ಪರದೆಯ ಮೇಲೆ ಮೂರು ಆಯಾಮದ ಚಿತ್ರ ತೋರಿಸಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಯಾರಿಗೂ ಅಳತೆ ಅರ್ಥವಾಗಿರುವುದಿಲ್ಲ. ಬದಲಿಗೆ ರಂಗೋಲಿ ಪುಡಿ ತನ್ನಿ. ನಾವೊಮ್ಮೆ ಹೊಸ ಕಟ್ಟೆಯೊಂದರ ಅಳತೆಯನ್ನು ನೆಲದ ಮೇಲೆ ಪುಡಿಯಲ್ಲಿ ಎಳೆದೆವು. ಒಬ್ಬ ತಾಯಿ ಮಗುವಿನ ತಳ್ಳುಗಾಡಿ ತಂದು ಗೆರೆಯ ಪಕ್ಕ ನಿಲ್ಲಿಸಿ, ‘ಇಲ್ಲಿಂದ ನಾನು ಹೋಗೋದು ಹ್ಯಾಗೆ?’ ಅಂದರು. ಗೆರೆಗೂ ಮರದ ಬುಡಕ್ಕೂ ನಡುವೆ ಮೊಳದಗಲ ಜಾಗವೂ ಇರಲಿಲ್ಲ. ಕಟ್ಟೆಯನ್ನು ಅಲ್ಲೇ ಅಳಿಸಿದೆವು.

ಈಗ ನಕ್ಷೆ

ಇಷ್ಟಾದ ಮೇಲೆ ಪೆನ್ಸಿಲ್ ಹಿಡಿಯಿರಿ. ನಕ್ಷೆಗೆ ಮೂರು ಬಣ್ಣ. ಕೆಂಪು: ಮುಟ್ಟಬಾರದ್ದು. ಹಳದಿ: ರಿಪೇರಿ. ಹಸಿರು: ಹೊಸದು. ಒಳ್ಳೆಯ ಯೋಜನೆಯಲ್ಲಿ ಕೆಂಪು, ಹಳದಿ ತುಂಬಿರುತ್ತದೆ, ಹಸಿರು ಅಲ್ಲಲ್ಲಿ ಇರುತ್ತದೆ. ತೂಬು, ಕೋಡಿ, ಕಲ್ಲುಹಾಸು, ಹಳೆಯ ಮರಗಳ ಬುಡ, ಹಕ್ಕಿಗಳು ರಾತ್ರಿ ಕೂರುವ ಕಡೆ, ಜೊಂಡಿನ ಪಟ್ಟಿ ಇವೆಲ್ಲ ಕೆಂಪು.

ನಡೆದಾರಿಗೆ ಗಟ್ಟಿಸಿದ ಗ್ರಾವೆಲ್ ಮಣ್ಣು ಮೊಣಕಾಲಿಗೂ ಮರಕ್ಕೂ ಒಳ್ಳೆಯದು. ಗಾಲಿಕುರ್ಚಿಗೆ, ಮಳೆಯಲ್ಲಿ ನಡೆಯುವವರಿಗೆ ಗಟ್ಟಿ ನೆಲದ ಒಂದು ಪಟ್ಟಿ ಬೇಕೇ ಬೇಕು, ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಬಾರದು. ಮರದ ಬುಡದ ಸುತ್ತ ಮೀಟರ್ ದೂರದೊಳಗೆ ಟೈಲ್ಸ್ ಬರಕೂಡದು. ಗ್ರಾನೈಟ್ ಚಪ್ಪಡಿ ಹೊಳೆಯುವಂತೆ ಪಾಲಿಶ್ ಆಗಿದ್ದರೆ ಮೊದಲ ಮಳೆಗೇ ಯಾರಾದರೂ ಸೊಂಟ ಮುರಿದುಕೊಳ್ಳುತ್ತಾರೆ, ಒರಟು ಮೈಯದೇ ಇರಲಿ.

ನೀರಿನ ಅಂಚಿಗೆ ಸುತ್ತಲೂ ನೆಟ್ಟನೆಯ ಕಾಂಕ್ರೀಟು ಗೋಡೆ ಎಬ್ಬಿಸುವುದನ್ನು ನಾನು ಒಪ್ಪುವುದಿಲ್ಲ. ಕಪ್ಪೆ, ಆಮೆ ಮೇಲೆ ಹತ್ತಲಾರವು. ಬೆಳ್ಳಕ್ಕಿ, ಕೊಳದ ಬಕ ನಿಂತು ಮೀನು ಹಿಡಿಯಲು ತೆಳುನೀರೇ ಇರುವುದಿಲ್ಲ. ಜಾರಿ ಬಿದ್ದ ಮಗು ಕೂಡ ಹತ್ತಿ ಬರಲಾರದು. ಸಾಧ್ಯವಿರುವ ಕಡೆ ಅಂಚು ಇಳಿಜಾರಾಗಿ ನೀರಿಗೆ ಇಳಿಯಲಿ.

ದೀಪ ದಾರಿಯ ಮೇಲೆ ಬೀಳಲಿ, ನೀರಿನ ಮೇಲಾಗಲಿ ಮರದ ತಲೆಯ ಮೇಲಾಗಲಿ ಬೇಡ. ಕುಳ್ಳನೆಯ ಕಂಬ, ಹಳದಿ ಬೆಳಕು, ಉದ್ಯಾನ ಮುಚ್ಚಿದ ಮೇಲೆ ಗೇಟುಗಳ ಹತ್ತಿರ ಮಾತ್ರ. ಇರುಳು ಬಕ ಬೇಟೆಗೆ ಹೊರಡುವುದೇ ಕತ್ತಲಾದ ಮೇಲೆ. ನೀರುಕಾಗೆಗಳ ಹಿಂಡು ಮರಕ್ಕೆ ಮರಳುವ ಹೊತ್ತಿಗೆ ಫ್ಲಡ್‌ಲೈಟ್ ಹತ್ತಿದರೆ ಅವು ಒಂದೆರಡು ವಾರ ಸುತ್ತು ಹಾಕಿ ನೋಡಿ ಬೇರೆ ಕೆರೆಗೆ ಹೋಗುತ್ತವೆ.

ಹೊಸದಾಗಿ ಕಟ್ಟಲೇಬೇಕಾದದ್ದು ಶೌಚಾಲಯ ಮತ್ತು ಕುಡಿಯುವ ನೀರು. ಶೌಚಾಲಯ ಏರಿಯ ಮೇಲೂ ಬೇಡ, ನೀರಿನ ಅಂಚಿಗೂ ಬೇಡ, ಒಳಚರಂಡಿಗೆ ನೇರ ಸಂಪರ್ಕ ಇರುವ ಗೇಟಿನ ಪಕ್ಕದಲ್ಲಿರಲಿ. ದೋಣಿವಿಹಾರದ ಆಸೆಯಿದ್ದರೆ ಹಕ್ಕಿಗಳು ಗೂಡು ಕಟ್ಟುವ ತಿಂಗಳು ಯಾವುವು, ಯಾವ ಮೂಲೆಗೆ ದೋಣಿ ಹೋಗಬಾರದು ಎಂದು ತೇಲುಬುರುಡೆ ಕಟ್ಟಿ ಗಡಿ ಹಾಕಿ. ಮೋಟಾರು ದೋಣಿಯಂತೂ ಬೇಡ.

ದುಡ್ಡು, ಕಾಲ, ಕಾವಲು

ಎಸ್ಟಿಮೇಟನ್ನು ಒಂದೇ ಗಂಟಾಗಿ ಬರೆಯಬೇಡಿ. ಮೊದಲ ಕಂತು ಒಳಹರಿವು ಮತ್ತು ಕೊಳಚೆ. ಎರಡನೆಯದು ಏರಿ, ತೂಬು, ಕೋಡಿ. ದಾರಿ, ಬೆಂಚು ಆಮೇಲೆ. ಮೊದಲ ಕಂತಿನ ಕೆಲಸ ಒಂದು ಮಳೆಗಾಲ ಕಂಡು ಸರಿಯಾಗಿ ನಿಂತ ಮೇಲೆ ಎರಡನೆಯದಕ್ಕೆ ಟೆಂಡರ್. ಪ್ರತಿ ಐಟಂ ಎದುರಿಗೂ ಇನ್ನೆರಡು ಕಾಲಂ ಇರಲಿ: ಇದನ್ನು ಗುಡಿಸುವವರು, ಒರೆಸುವವರು, ಕೆಟ್ಟರೆ ಸರಿ ಮಾಡುವವರು ಯಾರು? ವರ್ಷಕ್ಕೆ ಎಷ್ಟು ಖರ್ಚು? ಈ ಕಾಲಂ ಖಾಲಿ ಉಳಿದ ಐಟಂ ಹೊಡೆದುಹಾಕಿ. ಸಂಗೀತ ಕಾರಂಜಿ ಮೊದಲು ಉದುರುವುದು ಈ ಜರಡಿಯಲ್ಲೇ.

ಹೂಳು ತೆಗೆಯುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ, ಮೇ ತಿಂಗಳ ಮಳೆಗೆ ಮುನ್ನ. ಊರೊಳಗಿನ ಕೆರೆಯ ಹೂಳಿನಲ್ಲಿ ಸೀಸ, ಕ್ರೋಮಿಯಂನಂಥ ಲೋಹಗಳು ಇರಬಹುದು. ಪರೀಕ್ಷೆಯ ವರದಿ ಬರದೆ ಅದನ್ನು ಹೊಲಕ್ಕೋ ಉದ್ಯಾನದ ಗಿಡಕ್ಕೋ ಸುರಿಯಬಾರದು. ಕೆರೆಯನ್ನು ತಟ್ಟೆಯಂತೆ ಒಂದೇ ಸಮ ಆಳ ಮಾಡಬೇಡಿ. ಆಳ, ತೆಳು, ನಡುಗಡ್ಡೆ ಮೂರೂ ಬೇಕು. ಒಂದು ಪಾಲು ನೀರನ್ನು ಉಳಿಸಿಕೊಂಡು ಎರಡು ಬೇಸಿಗೆಯಲ್ಲಿ ಕೆಲಸ ಮುಗಿಸಿದರೆ ಮೀನು, ಆಮೆ ಉಳಿಯುತ್ತವೆ.

ಕೆಲಸ ಮುಗಿದ ಮೇಲೆ ತಿಂಗಳಿಗೊಮ್ಮೆ, ಗೊತ್ತುಪಡಿಸಿದ ದಿನ, ಇಬ್ಬರು ಹೋಗಿ ಐದು ಸಂಗತಿ ಬರೆದಿಡಬೇಕು. ಅಳತೆಗಂಬದಲ್ಲಿ ನೀರಿನ ಮಟ್ಟ, ಬೆಳಗಿನ ಜಾವದ ಆಮ್ಲಜನಕ, ಹೂಳುಗುಂಡಿ ಎಷ್ಟು ತುಂಬಿದೆ, ಏರಿಯ ಹೊರಮೈಯಲ್ಲಿ ಜಿನುಗಿದೆಯೇ, ಯಾವ ಹಕ್ಕಿ ಎಷ್ಟು ಕಂಡವು. ಆ ಪುಸ್ತಕ ಗೇಟಿನ ಕಾವಲುಗಾರರ ಕೋಣೆಯಲ್ಲಿ ದಾರಕ್ಕೆ ಕಟ್ಟಿ ತೂಗುಹಾಕಿರಲಿ, ಯಾರು ಬೇಕಾದರೂ ತೆರೆದು ಓದುವಂತೆ. ತೂಬಿನ ಬಾಗಿಲಿನ ಕೀಲಿ ಇಬ್ಬರ ಬಳಿ ಇರಲಿ, ಇಬ್ಬರ ಫೋನ್ ನಂಬರೂ ಆ ಪುಸ್ತಕದ ಮೊದಲ ಪುಟದಲ್ಲಿರಲಿ. ಮೇ ತಿಂಗಳ ಮೊದಲ ಮಳೆಗೆ ಮುಂಚೆ ಒಮ್ಮೆ ಬಾಗಿಲು ಎತ್ತಿ ಇಳಿಸಿ, ಕೀಲುಗಳಿಗೆ ಎಣ್ಣೆ ಹಾಕಿ, ತಾರೀಕು ಬರೆದು ಸಹಿ ಮಾಡಿ.